ಮನೆಪಟ್ಟಿ ಏರಿದಾಗ: ಆಯಿಯ ಟ್ರಂಕಿನಿಂದ ಲಕ್ಷ್ಮೇಶ್ವರದ ಕಲ್ಲಿನವರೆಗೆ

ಹೋದ ವರ್ಷ ಯುಗಾದಿ ಮುಗಿದು ಹತ್ತು ದಿನ ಆಗಿರಬೇಕು. ಬೆಳಿಗ್ಗೆ ಹಲ್ಲುಜ್ಜುತ್ತ ನಿಂತಿದ್ದೆ. ಮನೆ ಮಾಲಕಿ ಆಯಿ ಕೈಯಲ್ಲಿ ಒಂದು ಕಾಗದ ಹಿಡಿದುಕೊಂಡು ಬಂದರು.

"ತಮ್ಮಾ, ಇದನ್ನಟು ಓದಿ ಹೇಳು. ಮನೆಪಟ್ಟಿ ಎರಡೂವರೆ ಪಟ್ಟು ಆಗೇತಂತ. ನಾ ಎಲ್ಲಿಂದ ತರ್ಲಿ? ಮುಂದಿನ ತಿಂಗಳಿಂದ ನೀನು ಐನೂರು ಹೆಚ್ಚಿಗಿ ಕೊಡಬೇಕಾಗತೈತಿ ನೋಡು."

ನಾನಿರುವುದು ನಮ್ಮ ಜಿಲ್ಲೆಯ ಒಂದು ಪಟ್ಟಣದಲ್ಲಿ, ಎರಡು ಖೋಲಿಯ ಬಾಡಿಗೆ ಮನೆ. ಊರ ಹೆಸರು ಬೇಡ. ಬಾದಾಮಿ, ಹುನಗುಂದ, ಇಳಕಲ್ಲ, ಬಾಗಲಕೋಟೆ, ಯಾವುದಾದರೂ ಅಂದುಕೊಳ್ಳಿ, ಎಲ್ಲ ಕಡೆ ಇದೇ ಮಾತು ಕೇಳಿದ್ದೇನೆ. ಬಾಡಿಗೆ 3,500 ರೂಪಾಯಿ. ಆಯಿಗೆ ವಯಸ್ಸು ಎಪ್ಪತ್ತರ ಮೇಲೆ, ಯಜಮಾನರು ತೀರಿ ಬಹಳ ವರ್ಷ ಆಯಿತು. ಈ ಬಾಡಿಗೆ ಬಿಟ್ಟರೆ ಅವರಿಗೆ ಬರುವುದು ವಿಧವಾ ವೇತನ ಮಾತ್ರ. ಹಾಗಾಗಿ ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆದರೆ ನನ್ನ ಕೈಯಲ್ಲೂ ಐನೂರು ಹೆಚ್ಚಿಗೆ ಇರಲಿಲ್ಲ.

ಕಾಗದ ಓದಿದೆ. ಹಿಂದಿನ ವರ್ಷ 1,140 ರೂಪಾಯಿ, ಈ ವರ್ಷ 2,870. ಏರಿದ್ದು 1,730. ಹನ್ನೆರಡು ತಿಂಗಳಿಗೆ ಹಂಚಿದರೆ ತಿಂಗಳಿಗೆ 144 ರೂಪಾಯಿ. ಆಯಿ ಕೇಳಿದ್ದು 500. ಲೆಕ್ಕ ಹೇಳಿದರೆ ಆಯಿ, "ನನಗ ಅದೆಲ್ಲ ತಿಳಿಯಂಗಿಲ್ಲ, ನಿನ್ನ ಕಾಕಾ ಇದ್ದಾಗ ಅವರ ನೋಡ್ತಿದ್ರು" ಎಂದು ಒಳಗೆ ಹೋಗಿ ಒಂದು ತಗಡಿನ ಟ್ರಂಕು ಎಳೆದು ತಂದರು. ಅದರಲ್ಲಿ ದಾರ ಕಟ್ಟಿದ ರಸೀದಿಗಳ ಕಟ್ಟು. ಎಲ್ಲಕ್ಕಿಂತ ಹಳೆಯದು 1968ರದ್ದು. "ವಾರ್ಷಿಕ ಬಾಡಿಗೆ ಬೆಲೆ ರೂ. 96" ಎಂದು ಶಾಯಿಯಲ್ಲಿ ಬರೆದಿತ್ತು.

ಆ ಒಂದು ಸಾಲು ನನ್ನನ್ನು ಹಿಡಿದು ಕೂರಿಸಿತು. ಅಂದು ತೆರಿಗೆ ಹಾಕುತ್ತಿದ್ದದ್ದು ಬಾಡಿಗೆಯ ಮೇಲೆ. ಇಂದು ಹಾಕುತ್ತಿರುವುದು ಜಾಗದ ಬೆಲೆಯ ಮೇಲೆ. ಈ ಬದಲಾವಣೆ ಯಾವಾಗ, ಯಾಕೆ ಆಯಿತು ಎಂದು ಹುಡುಕುತ್ತ ಹೋದವನು ಎಲ್ಲೆಲ್ಲಿಗೋ ಹೋಗಿ ಮುಟ್ಟಿದೆ.

ಮೊದಲು ನಮ್ಮ ಬಾದಾಮಿಯ ಅರಸರ ಕಾಲಕ್ಕೇ ಹೋಗೋಣ. ಪಟ್ಟದಕಲ್ಲಿನ ವಿರೂಪಾಕ್ಷ ಗುಡಿ ನೋಡಿದವರಿಗೆ ಎರಡನೆಯ ವಿಕ್ರಮಾದಿತ್ಯನ ಹೆಸರು ಗೊತ್ತಿರುತ್ತದೆ. ಅವನ ರಾಣಿ ಲೋಕಮಹಾದೇವಿ ಕಟ್ಟಿಸಿದ ಗುಡಿ ಅದು. ಈ ವಿಕ್ರಮಾದಿತ್ಯ ಇನ್ನೂ ಯುವರಾಜನಾಗಿದ್ದಾಗ, ಸುಮಾರು 725ರಲ್ಲಿ, ಪೊರಿಗೆರೆ ಎಂಬ ಊರಿನ ಮಹಾಜನರಿಗೂ ಹದಿನೆಂಟು ಪ್ರಕೃತಿಗಳಿಗೂ ಒಂದು ಕಟ್ಟಳೆ ಬರೆಸಿಕೊಟ್ಟ. ಪೊರಿಗೆರೆ ಎಂದರೆ ಇಂದಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರ. ಕನ್ನಡದಲ್ಲಿರುವ ಆ ಶಾಸನ ಇವತ್ತಿಗೂ ಓದಲು ಸಿಗುತ್ತದೆ.

ಅದರಲ್ಲಿ ಮನೆಗಳ ತೆರಿಗೆಯ ದರ ಇದೆ. ಉತ್ತಮ ಮನೆಗೆ 10 ಪಣ, ಮಧ್ಯಮ ಮನೆಗೆ 7, ಅದಕ್ಕಿಂತ ಕೆಳಗಿನದಕ್ಕೆ 5, ತೀರ ಬಡವರ ಮನೆಗೆ 3. ಸಾವಿರದ ಮುನ್ನೂರು ವರ್ಷದ ಹಿಂದೆಯೇ ಮನೆಗೆ ತಕ್ಕ ಹಂತದ ದರ ಹೀಗೆ ಗೊತ್ತಾಗಿತ್ತು. ಇನ್ನೊಂದು ಮಾತು ಇದೆ, ಅದು ನನಗೆ ಹೆಚ್ಚು ಹಿಡಿಸಿತು. ಯಾರೂ ಇರದ ಖಾಲಿ ಮನೆಗಳನ್ನು ಅರಸನ ಅಧಿಕಾರಿಗಳು ಕಾಯಬೇಕು ಎಂದು ಅದೇ ಕಟ್ಟಳೆ ಹೇಳುತ್ತದೆ. ಅಂದರೆ ಊರಿನವರು ತೆರಬೇಕಾದದ್ದನ್ನೂ ಅರಸನ ಕಡೆಯವರು ಮಾಡಬೇಕಾದದ್ದನ್ನೂ ಒಂದೇ ಕಲ್ಲಿನ ಮೇಲೆ ಕೊರೆದಿದ್ದಾರೆ. ಎಲ್ಲರ ಕಣ್ಣಿಗೂ ಬೀಳುವ ಕಲ್ಲು. ರಾತ್ರೋರಾತ್ರಿ ದರ ಬದಲಿಸಬೇಕೆಂದರೆ ಕಲ್ಲನ್ನೇ ಒಡೆಯಬೇಕಿತ್ತು!

ಮುಂದಿನ ಶತಮಾನಗಳ ಶಾಸನಗಳಲ್ಲಿ ತೆರಿಗೆಗಳ ಹೆಸರು ಬೆಳೆಯುತ್ತ ಹೋಗುತ್ತವೆ. ಮನೆದೆರೆ, ಮನೆವಣ, ಮಗ್ಗದೆರೆ, ಗಾಣದೆರೆ, ಅಂಗಡಿದೆರೆ. ಹುನಗುಂದ ಸೀಮೆಯ ಐಹೊಳೆಯ ಹೆಸರು ಹೊತ್ತ ಅಯ್ಯಾವೊಳೆ ಐನೂರ್ವರು ದಕ್ಷಿಣದ ತುಂಬ ವ್ಯಾಪಾರ ಮಾಡಿದವರು. ಸುಂಕದ ವಿನಾಯಿತಿಯನ್ನು ಅರಸರಿಂದ ಹೇಗೆ ಪಡೆಯಬೇಕೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ಅವರು ದೊಡ್ಡ ಸಾಹುಕಾರರು. ಸಣ್ಣವರು ಏನು ಮಾಡುತ್ತಿದ್ದರು?

ಅದಕ್ಕೂ ಬಾದಾಮಿಯಲ್ಲೇ ಉತ್ತರ ಸಿಕ್ಕಿತು. ಹದಿನಾರನೆಯ ಶತಮಾನದ ನಡುವೆ, ವಿಜಯನಗರದಲ್ಲಿ ಸದಾಶಿವರಾಯ ಹೆಸರಿಗೆ ಅರಸ, ಅಳಿಯ ರಾಮರಾಯ ನಿಜವಾದ ದೊರೆ. ಆ ಕಾಲದಲ್ಲಿ ಕೊಂಡೋಜ ಎಂಬ ಕ್ಷೌರಿಕ ರಾಮರಾಯನ ಮೆಚ್ಚುಗೆ ಗಳಿಸಿದ್ದ. ಅವನು ತನಗಾಗಿ ಹೊಲ ಕೇಳಲಿಲ್ಲ, ಹೊನ್ನು ಕೇಳಲಿಲ್ಲ. ತನ್ನ ಕಸಬಿನವರ ಮೇಲಿನ ತೆರಿಗೆ, ಬಿಟ್ಟಿ, ಕಾಣಿಕೆ ತೆಗೆಯಬೇಕೆಂದು ಕೇಳಿದ. ತೆರಿಗೆ ಹೋಯಿತು. ಆ ವಿನಾಯಿತಿಯ ಶಾಸನ ಬಾದಾಮಿಯಲ್ಲಿದೆ, ಇಂಥವೇ ಶಾಸನಗಳು ಕರ್ನಾಟಕದ ಬೇರೆ ಕಡೆಗಳಲ್ಲೂ ಇವೆ. ಮೇಣಬಸದಿ ನೋಡಲು ಬರುವ ಪ್ರವಾಸಿಗರಿಗೆ ಗೈಡುಗಳು ಈ ಕಥೆ ಹೇಳಿದ್ದನ್ನು ನಾನು ಕೇಳಿಲ್ಲ. ಹೇಳಬೇಕು. ಕತ್ತಿ ಹಿಡಿಯದೆ, ಬರೀ ಕತ್ತರಿ ಹಿಡಿದವನೊಬ್ಬ ಇಡೀ ರಾಜ್ಯದ ತೆರಿಗೆ ಇಳಿಸಿದ ಕಥೆ ಅದು.

ವಿಜಯನಗರ ಬಿದ್ದ ಮೇಲೆ ಆದಿಲಶಾಹಿ, ಆಮೇಲೆ ಮರಾಠರು. ನಮ್ಮ ಕಡೆ ಇವತ್ತಿಗೂ "ಮನೆ ತೆರಿಗೆ" ಎನ್ನುವವರು ಕಡಿಮೆ, "ಮನೆಪಟ್ಟಿ" ಎನ್ನುವವರೇ ಹೆಚ್ಚು. ನೀರಿಗೆ ನೀರಪಟ್ಟಿ. ಈ "ಪಟ್ಟಿ" ಮರಾಠರ ಆಡಳಿತದ ಮಾತು. ಭೂಮಿಯ ಕಂದಾಯದ ಮೇಲೆ ಬೇರೆ ಬೇರೆ ನೆಪದಲ್ಲಿ ಹಾಕುತ್ತಿದ್ದ ಹೆಚ್ಚುವರಿಗೆ ಪಟ್ಟಿ ಎನ್ನುತ್ತಿದ್ದರು. ರಾಜರು ಹೋದರೂ ಅವರ ಮಾತು ನಮ್ಮ ರಸೀದಿಯ ಮೇಲೆ ಉಳಿದಿದೆ.

ಆ ಕಾಲದ ಇನ್ನೊಂದು ತೆರಿಗೆ ಮೊಹತರಫಾ. ಹೊಲ ಇಲ್ಲದವರ ಮೇಲೆ, ಅಂದರೆ ಕಸಬಿನವರ ಮೇಲೆ, ಅಂಗಡಿ, ಮನೆ, ಮಗ್ಗ, ಗಾಣಗಳ ಮೇಲೆ ಬೀಳುತ್ತಿದ್ದ ತೆರಿಗೆ. ಇಳಕಲ್ಲ, ಗುಳೇದಗುಡ್ಡದಂಥ ನೇಕಾರರ ಊರುಗಳಿಗೆ ಇದರ ಬಿಸಿ ಹೆಚ್ಚು. ಕುಣಿಮಗ್ಗ ಇರುವುದು ಮನೆಯೊಳಗೇ. ಉಣ್ಣುವುದು, ಮಲಗುವುದು, ನೇಯುವುದು ಒಂದೇ ಸೂರಿನ ಕೆಳಗೆ. ಅದು ಮನೆಯೋ, ದುಡಿಯುವ ಜಾಗವೋ? ಆ ಪ್ರಶ್ನೆ ಆಗಲೂ ಇತ್ತು. ಈಗಲೂ ಮನೆಯಲ್ಲಿ ಮಗ್ಗ ಹಾಕಿದವರು, ಹಿಟ್ಟಿನ ಗಿರಣಿ ಇಟ್ಟವರು, ಹೊಲಿಗೆ ಯಂತ್ರ ಇಟ್ಟವರು ತೆರಿಗೆ ಕಾಗದ ಬಂದಾಗ ಕೇಳುವುದು ಇದನ್ನೇ.

1818ರಲ್ಲಿ ಪೇಶ್ವೆ ಸೋತು ನಮ್ಮ ಭಾಗ ಕಂಪನಿ ಸರಕಾರದ ಕೈಗೆ ಹೋಯಿತು. 1844ರ 19ನೆಯ ಕಾಯ್ದೆ ಮುಂಬೈ ಪ್ರಾಂತ್ಯದಲ್ಲಿ ಕಸಬುಗಳ ಮೇಲಿನ ಮೊಹತರಫಾ ಮತ್ತಿತರ ತೆರಿಗೆಗಳನ್ನು ತೆಗೆದುಹಾಕಿತು. ಪಕ್ಕದ ಮದ್ರಾಸ್ ಪ್ರಾಂತ್ಯದವರು ಅದಕ್ಕಾಗಿ ಇನ್ನೂ ಹದಿನೈದು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು.

ಕಂಪನಿ ಸರಕಾರಕ್ಕೆ ಮನೆ ತೆರಿಗೆಯ ವಿಷಯದಲ್ಲಿ ಒಂದು ಕಹಿ ಅನುಭವ ಆಗಲೇ ಆಗಿತ್ತು. 1810ರಲ್ಲಿ ಬನಾರಸ್ ಮುಂತಾದ ಊರುಗಳಲ್ಲಿ ಮನೆಯ ಬಾಡಿಗೆ ಬೆಲೆಯ ಮೇಲೆ ತೆರಿಗೆ ಹಾಕಲು ಹೊರಟಿತು. ಬನಾರಸಿನ ಜನ ಅಂಗಡಿ ಮುಚ್ಚಿದರು, ಕಸಬು ನಿಲ್ಲಿಸಿದರು, ಮನೆ ಬಿಟ್ಟು ಬಯಲಿಗೆ ಬಂದು ಕೂತರು. ಗಾಂಧೀಜಿ ಹುಟ್ಟುವುದಕ್ಕೆ ಸುಮಾರು ಅರವತ್ತು ವರ್ಷ ಮೊದಲು! ಕಡೆಗೆ ಸರಕಾರ ಆ ತೆರಿಗೆಯನ್ನು ಹಿಂದಕ್ಕೆ ತೆಗೆದುಕೊಂಡಿತು. ಧರ್ಮಪಾಲ್ ಎಂಬ ವಿದ್ವಾಂಸರು ಈ ಹೋರಾಟದ ದಾಖಲೆಗಳನ್ನೆಲ್ಲ ಹುಡುಕಿ ಪುಸ್ತಕ ಮಾಡಿದ್ದಾರೆ. ಇಂಗ್ಲೆಂಡಿನವರೂ ತಮ್ಮ ಜನರನ್ನು ಬಿಟ್ಟಿರಲಿಲ್ಲ. ಅಲ್ಲಿ 1696ರಿಂದ 1851ರವರೆಗೆ ಮನೆಯ ಕಿಟಕಿ ಎಣಿಸಿ ತೆರಿಗೆ ಹಾಕುತ್ತಿದ್ದರು. ಜನ ಇಟ್ಟಿಗೆ ಇಟ್ಟು ಕಿಟಕಿ ಮುಚ್ಚಿಕೊಂಡು ಕತ್ತಲಲ್ಲಿ ಕೂತರು.

ಈ ಪಾಠದಿಂದಲೋ ಏನೋ, 1850ರ 26ನೆಯ ಕಾಯ್ದೆ ಬೇರೆ ದಾರಿ ಹಿಡಿಯಿತು. ಊರಿನವರೇ ಅರ್ಜಿ ಕೊಟ್ಟರೆ ಊರಿಗೊಂದು ಮುನಸಿಪಾಲಿಟಿ, ರಸ್ತೆ ದೀಪ ಗಟಾರಕ್ಕೆ ಊರಿನವರಿಂದಲೇ ಹಣ. ಈ ಕಾಯ್ದೆಯನ್ನು ಬಹಳವಾಗಿ ಬಳಸಿದ್ದು ಮುಂಬೈ ಪ್ರಾಂತ್ಯವೇ. ಆಮೇಲೆ 1873ರಲ್ಲಿ, 1901ರಲ್ಲಿ ಜಿಲ್ಲಾ ಮುನಸಿಪಲ್ ಕಾಯ್ದೆಗಳು ಬಂದವು. ನಮ್ಮ ಊರುಗಳು ಆಗ ಕಲಾದಗಿ ಜಿಲ್ಲೆಗೆ ಸೇರಿದ್ದವು, ಆಮೇಲೆ ವಿಜಾಪುರ ಜಿಲ್ಲೆಗೆ. ಬಾಗಲಕೋಟೆ ಬೇರೆ ಜಿಲ್ಲೆಯಾದದ್ದು 1997ರಲ್ಲಿ.

ಮುಂಬೈ ಕಾಲದ ಆ ಕಾಯ್ದೆಗಳಲ್ಲಿ ಬಾಡಿಗೆದಾರರಿಗೆ ಬೇಕಾದ ಒಂದು ಸೂತ್ರ ಇದೆ. ಮನೆಪಟ್ಟಿ ಕೊಡುವ ಮೊದಲ ಹೊಣೆ ಬಾಡಿಗೆಗೆ ಕೊಟ್ಟ ಮಾಲಕರದು. ಅವರಿಂದ ವಸೂಲಾಗದೆ ಮನೆಯಲ್ಲಿ ಇರುವವನಿಂದ ತೆಗೆದುಕೊಂಡರೆ, ಅವನು ಆ ಹಣವನ್ನು ಮಾಲಕರ ಲೆಕ್ಕಕ್ಕೆ ಹಾಕಿ ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಸ್ವಾತಂತ್ರ್ಯ ಬಂದ 1947ರಲ್ಲೇ ಮುಂಬೈ ಸರಕಾರ ಬಾಡಿಗೆ ನಿಯಂತ್ರಣ ಕಾಯ್ದೆ ತಂದಿತು. ಅದು ಜಾರಿಯಾದ ಊರುಗಳಲ್ಲಿ ಮಾಲಕರು ಮನಸ್ಸಿಗೆ ಬಂದಷ್ಟು ಬಾಡಿಗೆ ಏರಿಸುವಂತಿರಲಿಲ್ಲ. ಆದರೆ ಸ್ಥಳೀಯ ತೆರಿಗೆ ಏರಿದರೆ, ಏರಿದಷ್ಟನ್ನು ಮಾತ್ರ ಬಾಡಿಗೆಗೆ ಸೇರಿಸಲು ಬಿಟ್ಟಿತ್ತು. "ಏರಿದಷ್ಟು ಮಾತ್ರ" ಎಂಬ ಈ ಮಾತನ್ನು ಗಮನಿಸಿ. ನನ್ನ 144 ರೂಪಾಯಿಯ ಲೆಕ್ಕಕ್ಕೆ ಎಪ್ಪತ್ತೈದು ವರ್ಷಕ್ಕೂ ಹಳೆಯ ಆಧಾರ ಸಿಕ್ಕಿತು. ಆ ಕಾಯ್ದೆ ಇಂದು ನಮಗೆ ಅನ್ವಯಿಸುವುದಿಲ್ಲ. ನಮ್ಮಲ್ಲಿ 1961ರಲ್ಲಿ ಬೇರೆ ಬಾಡಿಗೆ ಕಾಯ್ದೆ ಬಂತು, ಅದರ ಜಾಗಕ್ಕೆ 1999ರ ಕಾಯ್ದೆ ಬಂದಿದೆ. ಆದರೂ ಇಬ್ಬರು ಕೂತು ಮಾತಾಡುವಾಗ ಹಳೆಯ ನ್ಯಾಯ ಉಪಯೋಗಕ್ಕೆ ಬರುತ್ತದೆ.

ಈಗ ಆಯಿಯ 1968ರ ರಸೀದಿಗೆ ಬರೋಣ. 1964ರ ಕರ್ನಾಟಕ ಪೌರಸಭೆಗಳ ಕಾಯ್ದೆ ಬಂದ ಮೇಲೂ ಲೆಕ್ಕ ಹಳೆಯದೇ ಇತ್ತು. ಈ ಮನೆಯನ್ನು ಬಾಡಿಗೆಗೆ ಕೊಟ್ಟರೆ ವರ್ಷಕ್ಕೆ ಎಷ್ಟು ಬಂದೀತು? ಅದರ ಮೇಲೆ ಇಷ್ಟು ಪಾಲು. ತಿಂಗಳಿಗೆ 8 ರೂಪಾಯಿ ಬಾಡಿಗೆ, ವರ್ಷಕ್ಕೆ 96. ಸರಳ ಲೆಕ್ಕ. ಆದರೆ ಇದಕ್ಕೊಂದು ಗಂಟು ಬಿತ್ತು. ಬಾಡಿಗೆ ನಿಯಂತ್ರಣ ಕಾಯ್ದೆಯ ಪ್ರಕಾರ ಮಾಲಕ ಹೆಚ್ಚು ಬಾಡಿಗೆ ಪಡೆಯುವಂತೆಯೇ ಇಲ್ಲದಿದ್ದರೆ, ಹೆಚ್ಚು ಬಾಡಿಗೆ ಬರುತ್ತದೆಂದು ಊಹಿಸಿ ತೆರಿಗೆ ಹಾಕುವುದು ಹೇಗೆ? ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟು 1961ರಲ್ಲಿ ಕಲ್ಕತ್ತೆಯ ಮೊಕದ್ದಮೆಯಲ್ಲಿ, 1970ರಲ್ಲಿ ಗುಂಟೂರಿನ ತೆರಿಗೆದಾರರ ಮೊಕದ್ದಮೆಯಲ್ಲಿ ಹೇಳಿತು. ಜನ ನಿಟ್ಟುಸಿರು ಬಿಟ್ಟರು. ಮುನಸಿಪಾಲಿಟಿಗಳ ಉಸಿರು ಕಟ್ಟಿತು. ಆಯಿಯ ಕಟ್ಟಿನಲ್ಲಿ ಒಂದರ ಮೇಲೊಂದು ಹತ್ತಾರು ರಸೀದಿಗಳಲ್ಲಿ ಹೆಚ್ಚುಕಡಿಮೆ ಅದೇ ಮೊತ್ತ ಇದೆ. ಕಾಕಾ ಪ್ರತಿಯೊಂದರ ಹಿಂದೆ ದಿನಾಂಕ, ಹಣ ಕೊಟ್ಟು ಬಂದವರ ಹೆಸರು ಬರೆದಿದ್ದಾರೆ.

ಆ ದಿನಗಳಲ್ಲಿ ಮುನಸಿಪಾಲಿಟಿಗೆ ಇನ್ನೊಂದು ದೊಡ್ಡ ಆದಾಯ ಇತ್ತು, ಜಕಾತಿ. ಊರ ಬಾಯಿಗೆ ಜಕಾತಿ ನಾಕಾ, ಹತ್ತಿಯ ಗಾಡಿಯೋ ಜೋಳದ ಚೀಲವೋ ಒಳಗೆ ಬರಬೇಕಾದರೆ ಸುಂಕ. ವಯಸ್ಸಾದವರು ನಾಕಾ ತಪ್ಪಿಸಿ ಹಳ್ಳದ ದಾರಿಯಲ್ಲಿ ಬರುತ್ತಿದ್ದ ಕಥೆಗಳನ್ನು ಈಗಲೂ ನಕ್ಕು ಹೇಳುತ್ತಾರೆ. 1979ರಲ್ಲಿ ಕರ್ನಾಟಕ ಜಕಾತಿ ತೆಗೆದುಹಾಕಿತು. ರೈತರಿಗೂ ವ್ಯಾಪಾರಸ್ಥರಿಗೂ ಒಳ್ಳೆಯದಾಯಿತು. ಆದರೆ ಊರಿನ ಆಡಳಿತ ಬೆಂಗಳೂರಿನ ಅನುದಾನದ ಕಡೆ ಕೈ ಚಾಚಬೇಕಾಯಿತು. ಸ್ವಂತದ್ದು ಎಂದು ಉಳಿದ ದೊಡ್ಡ ಆದಾಯ ಮನೆಪಟ್ಟಿ, ಅದೋ ವರ್ಷಗಟ್ಟಲೆ ಏರದೆ ಕೂತಿತ್ತು. ಇವತ್ತಿನ ಏರಿಕೆಯ ಬೇರು ಇಲ್ಲಿದೆ ಎಂಬುದು ನನ್ನ ಅಭಿಪ್ರಾಯ. ದಶಕಗಟ್ಟಲೆ ಏರಿಸದೆ ಬಿಟ್ಟು ಒಮ್ಮೆಲೇ ಏರಿಸಿದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ.

2002ರ ಹೊತ್ತಿಗೆ ರಾಜ್ಯದ ಪಟ್ಟಣಗಳಲ್ಲಿ ಬಾಡಿಗೆ ಬೆಲೆಯ ಲೆಕ್ಕ ಬಿಟ್ಟು ಆಸ್ತಿಯ ಬೆಲೆಯ ಲೆಕ್ಕ ಬಂತು. ಜೊತೆಗೆ ಸ್ವಯಂ ಘೋಷಣೆ. ಅಂದರೆ ನಮ್ಮ ಮನೆಯ ಅಳತೆ, ಕಟ್ಟಡದ ಬಗೆ, ಎಷ್ಟು ವರ್ಷ ಹಳೆಯದು, ವಾಸಕ್ಕೋ ವ್ಯಾಪಾರಕ್ಕೋ ಎಂಬುದನ್ನು ನಾವೇ ಬರೆದುಕೊಟ್ಟು ನಾವೇ ತೆರಿಗೆ ಕಟ್ಟುವುದು. ಮೂರು ವರ್ಷಕ್ಕೊಮ್ಮೆ ಕನಿಷ್ಠ ಶೇ 15 ಏರಿಕೆ ಎಂದು ಕಾಯ್ದೆಯಲ್ಲೇ ಬರೆದರು.

ಆಮೇಲೆ ಬಂದದ್ದು ಕೋವಿಡ್. 2020ರಲ್ಲಿ ಕೇಂದ್ರ ಸರಕಾರ ರಾಜ್ಯಗಳಿಗೆ ಹೆಚ್ಚು ಸಾಲ ಎತ್ತಲು ಬಿಟ್ಟಿತು, ಆದರೆ ಕೆಲವು ಷರತ್ತು ಹಾಕಿತು. ಅದರಲ್ಲೊಂದು, ಪಟ್ಟಣಗಳ ಆಸ್ತಿ ತೆರಿಗೆ ಸರಕಾರಿ ಮಾರ್ಗಸೂಚಿ ಬೆಲೆಗೆ ಹೊಂದಿಕೊಂಡಿರಬೇಕು ಎಂಬುದು. ಹದಿನೈದನೆಯ ಹಣಕಾಸು ಆಯೋಗವೂ ಪಟ್ಟಣಗಳ ಅನುದಾನಕ್ಕೆ ಇಂಥದೇ ಷರತ್ತು ಇಟ್ಟಿತು. ಕರ್ನಾಟಕ ಕಾಯ್ದೆ ತಿದ್ದಿತು. 2021-22ರಿಂದ ಮಾರ್ಗಸೂಚಿ ಬೆಲೆಯ ಶೇ 25ನ್ನು ಆಸ್ತಿಯ ಬೆಲೆ ಎಂದು ಹಿಡಿದು, ಅದರ ಮೇಲೆ ಊರಿನ ಆಡಳಿತ ಗೊತ್ತು ಮಾಡಿದ ದರ. ಮೂರು ವರ್ಷಕ್ಕೊಮ್ಮೆ ಬದಲು ವರ್ಷವರ್ಷವೂ ಶೇ 3ರಿಂದ 5 ಏರಿಕೆ.

ಉದಾಹರಣೆಗೆ, ಮಾರ್ಗಸೂಚಿ ಪ್ರಕಾರ ಜಾಗ ಮತ್ತು ಕಟ್ಟಡ ಸೇರಿ 12 ಲಕ್ಷ ಅಂದುಕೊಳ್ಳಿ. ಅದರ ಕಾಲುಭಾಗ 3 ಲಕ್ಷ. ದರ ಅರ್ಧ ಶೇಕಡಾ ಇದ್ದರೆ ತೆರಿಗೆ 1,500. ಇದರ ಮೇಲೆ ಗ್ರಂಥಾಲಯ ಕರ, ಆರೋಗ್ಯ ಕರ, ಭಿಕ್ಷುಕರ ಕರ ಸೇರುತ್ತವೆ, ಎಲ್ಲ ಕೂಡಿ ತೆರಿಗೆಯ ಕಾಲುಭಾಗದ ಹತ್ತಿರ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾರ್ಗಸೂಚಿ ಬೆಲೆ ಏರಿತೆಂದರೆ ಮಾರುವವರಿಗೆ, ಕೊಳ್ಳುವವರಿಗೆ ಮಾತ್ರ ಸಂಬಂಧ ಎಂದು ನಾವು ತಿಳಿದಿದ್ದೆವು. ಈಗ ಮಾರದೆ ಕೊಳ್ಳದೆ ಸುಮ್ಮನೆ ಮನೆಯಲ್ಲಿ ಕೂತವರಿಗೂ ಅದು ತಟ್ಟುತ್ತದೆ. ಬಾಡಿಗೆಯಿಂದ ಬರುವ ಹಣ ಅಷ್ಟೇ ಇದ್ದರೂ ಪಕ್ಕದಲ್ಲಿ ಹೊಸ ಲೇಔಟ್ ಬಂದು ಜಾಗದ ಬೆಲೆ ಏರಿದರೆ ತೆರಿಗೆ ಏರುತ್ತದೆ. ಆಯಿಯಂಥವರಿಗೆ ಇದು ನ್ಯಾಯ ಅನ್ನಿಸುವುದಿಲ್ಲ, ನನಗೂ ಪೂರ್ತಿ ಅನ್ನಿಸಿಲ್ಲ. ಆದರೆ ಅದೇ ಓಣಿಯ ಗಟಾರ ಮೂರು ದಿನ ಕಟ್ಟಿಕೊಂಡರೆ ನಾವು ಬೈಯುವುದೂ ಮುನಸಿಪಾಲಿಟಿಯನ್ನೇ.

ಹಳ್ಳಿಯಲ್ಲಿರುವ ಓದುಗರು, ಇದು ನಮಗಲ್ಲ ಎಂದು ಬಿಡಬೇಡಿ. ಗ್ರಾಮ ಪಂಚಾಯಿತಿಗೆ 1993ರ ಪಂಚಾಯತ್ ರಾಜ್ ಕಾಯ್ದೆ ಮನೆಗಳ ಮೇಲೆ ತೆರಿಗೆ ಹಾಕುವ ಅಧಿಕಾರ ಕೊಟ್ಟಿದೆ. ಇ-ಸ್ವತ್ತು ಬಂದ ಮೇಲೆ ಫಾರಂ 9, ಫಾರಂ 11 ಬೇಕಾದಾಗೆಲ್ಲ ಬಾಕಿ ತೆರಿಗೆಯ ಮಾತು ಎದ್ದೇ ಏಳುತ್ತದೆ. ಅಲ್ಲಿಯೂ ಮೊದಲು ನೋಡಬೇಕಾದದ್ದು ಉತಾರದಲ್ಲಿ ಮನೆಯ ಅಳತೆ ಸರಿಯಾಗಿದೆಯೇ ಎಂಬುದನ್ನು.

ಆಯಿಯ ಮನೆಯಲ್ಲಿ ಸಿಕ್ಕಿದ್ದೂ ಅದೇ. ಟ್ರಂಕಿನಲ್ಲಿ ಕಾಕಾ ಬರೆದುಕೊಟ್ಟಿದ್ದ ಹಳೆಯ ಸ್ವಯಂ ಘೋಷಣೆಯ ಪ್ರತಿ ಇತ್ತು. ಮುಂದಿನ ಖೋಲಿಯ ಎದುರು "ಅಂಗಡಿ" ಎಂದಿತ್ತು. ಕಾಕಾ ಅಲ್ಲಿ ಕಿರಾಣಿ ಇಟ್ಟಿದ್ದರಂತೆ. ಅಂಗಡಿ ಮುಚ್ಚಿ ಎಷ್ಟೋ ವರ್ಷ ಆಗಿದೆ, ಈಗ ಅದೇ ಖೋಲಿಯಲ್ಲಿ ನಾನು ಮಲಗುತ್ತೇನೆ. ವ್ಯಾಪಾರದ ಜಾಗಕ್ಕೆ ದರ ಹೆಚ್ಚು. ಹಳೆಯ ದರ ಕಡಿಮೆ ಇದ್ದಾಗ ಆ ವ್ಯತ್ಯಾಸ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಹಿತ್ತಲಲ್ಲಿ ಬಿದ್ದುಹೋದ ತಗಡಿನ ಕೊಟ್ಟಿಗೆಯೂ ಕಟ್ಟಡದ ಅಳತೆಯಲ್ಲಿ ಸೇರಿತ್ತು.

"ಆಯಿ, ನೀವು ಇಲ್ಲದ ಅಂಗಡಿಗೆ ಪಟ್ಟಿ ಕಟ್ಟಾಕತ್ತೀರಿ" ಎಂದೆ.

"ಅಂಗಡಿ ಇದ್ದಾಗ ಲಾಭ ಆಗಲಿಲ್ಲ, ಮುಚ್ಚಿದ ಮ್ಯಾಲೂ ಲುಕ್ಸಾನ ಬಿಡವಲ್ದಲ್ಲೋ" ಎಂದು ನಕ್ಕರು. ಬೆಳಗಿನಿಂದ ಮೊದಲ ಸಲ ನಕ್ಕದ್ದು.

ಅರ್ಜಿ ಬರೆದೆವು. ಉದ್ದ ಬರೆಯಲಿಲ್ಲ. ಆಸ್ತಿ ನಂಬರು, ಹಳೆಯ ಮೊತ್ತ, ಹೊಸ ಮೊತ್ತ, ತಪ್ಪು ಎಲ್ಲಿದೆ, ಯಾವ ಖೋಲಿ ಈಗ ಯಾವುದಕ್ಕೆ ಬಳಕೆಯಲ್ಲಿದೆ, ಸ್ಥಳಕ್ಕೆ ಬಂದು ಅಳೆಯಬೇಕು ಎಂಬ ಕೋರಿಕೆ. ಜೊತೆಗೆ ಫೋಟೋ, ಹಳೆಯ ರಸೀದಿಯ ಝೆರಾಕ್ಸ್, ವಿದ್ಯುತ್ ಬಿಲ್ಲು. ಕೊಟ್ಟದ್ದಕ್ಕೆ ಸ್ವೀಕೃತಿ ಹಾಕಿಸಿಕೊಂಡೆವು. ಮೊದಲ ಸಲ ಹೋದಾಗ "ಸಾಹೇಬರಿಲ್ಲ", ಎರಡನೆಯ ಸಲ "ಸರ್ವರ್ ಇಲ್ಲ". ಮೂರನೆಯ ಸಲ ಇಬ್ಬರೂ ಇದ್ದರು. ಹತ್ತು ದಿನದ ಮೇಲೆ ಒಬ್ಬರು ಟೇಪು ಹಿಡಿದು ಬಂದು ಅಳೆದುಕೊಂಡು ಹೋದರು.

ತಿದ್ದಿದ ಮೇಲೆ ಬಂದ ಮೊತ್ತ 2,140. ಹಿಂದಿನ ವರ್ಷಕ್ಕಿಂತ 1,000 ಹೆಚ್ಚು, ತಿಂಗಳಿಗೆ 83 ರೂಪಾಯಿ. ನಾನೇ 100 ಎಂದೆ. ಆಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾರ ಬಚ್ಚಲದ ತಗಡನೂ ಈ ವರ್ಷ ಹಾಕಸ್ತೀನಿ, ನೂರಾ ಐವತ್ತು ಮಾಡು" ಎಂದರು. ಬಚ್ಚಲ ಸೋರುವುದು ನಿಜ. ಒಪ್ಪಿಕೊಂಡೆ. ಎರಡು ಸಾಲಿನಲ್ಲಿ ಬರೆದು ಇಬ್ಬರೂ ಸಹಿ ಮಾಡಿದೆವು.

ಹೊಸ ರಸೀದಿಯ ಹಿಂದೆ ದಿನಾಂಕ, ಕಟ್ಟಿ ಬಂದವರ ಹೆಸರು ಬರೆಯಲು ಆಯಿ ನನಗೇ ಪೆನ್ನು ಕೊಟ್ಟರು. ಅದನ್ನು ಕಟ್ಟಿಗೆ ಸೇರಿಸಿ ದಾರ ಬಿಗಿದು ಟ್ರಂಕಿಗೆ ಹಾಕಿದರು. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ಬಿಡುತ್ತಾರೆ, ಜೂನ್ ದಾಟಿದರೆ ತಿಂಗಳಿಗೆ ಶೇ 2 ದಂಡ ಎಂದು ನಾನು ಹೇಳಿದ್ದು ಅವರ ತಲೆಯಲ್ಲಿ ಕೂತಿತ್ತು. "ಬರೋ ಯುಗಾದಿಗೆ ನೆನಪ ಮಾಡು ತಮ್ಮಾ" ಎಂದರು. ಈ ಸಲ ಯುಗಾದಿಯ ಬೇವು ಬೆಲ್ಲ ಕೊಡಲು ಬಂದಾಗ ನನಗಿಂತ ಮೊದಲು ಅವರೇ ನೆನಪು ಮಾಡಿದರು.